ಬ್ರ್ಯಾಂಡ್ ಹೆಸರು ಸೇರಿಸಿ ಡೊಮೇನ್ ತಗೊಂಡರೆ ಟ್ರೇಡ್‌ಮಾರ್ಕ್ ತಕರಾರು ಬರುತ್ತಾ?

ಹಳೇಲೆನ್ಸ್:

ಎಲ್ಲರಿಗೂ ನಮಸ್ಕಾರ. ಹಳೆಯ ಮ್ಯಾನ್ಯುವಲ್ ಲೆನ್ಸ್‌ಗಳ ಬಗ್ಗೆ ಒಂದು ಸೈಟ್ ಮಾಡಬೇಕು ಅಂತ ತುಂಬಾ ದಿನದಿಂದ ಆಸೆ. ಎಲ್ಲವೂ ಒಂದೇ ಕಂಪನಿಯ ಲೆನ್ಸ್‌ಗಳು. ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವ ಕಂಪನಿ, ಹೆಸರು ಇಲ್ಲಿ ಬೇಡ. ಸೀರಿಯಲ್ ನಂಬರ್ ನೋಡಿ ಲೆನ್ಸ್ ಯಾವ ಕಾಲದ್ದು ಅಂತ ಹೇಳುವುದು ಹೇಗೆ, ಫಂಗಸ್ ಹಿಡಿದಿದ್ದರೆ ಬಿಚ್ಚಿ ಒರೆಸುವುದು ಹೇಗೆ, ಈಗಿನ ಕ್ಯಾಮೆರಾಗೆ ಯಾವ ಅಡಾಪ್ಟರ್ ಬೇಕು, ಹೀಗೆ ಬರೆಯಲು ವಿಷಯ ರಾಶಿ ಇದೆ.

ಡೊಮೇನ್ ಹುಡುಕಿದೆ. ಬ್ರ್ಯಾಂಡ್ ಹೆಸರು, ಅದಕ್ಕೆ ಅಂಟಿಕೊಂಡು 'ಲೆನ್ಸ್‌ಗೈಡ್', ಆಮೇಲೆ ಡಾಟ್ ಕಾಮ್. ಖಾಲಿ ಇದೆ! ಹುಡುಕುವವರು ಟೈಪ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಹಾಗಾಗಿ ಬಿಡಲು ಮನಸ್ಸಿಲ್ಲ. ಆದರೆ ಬೇರೆಯವರ ಟ್ರೇಡ್‌ಮಾರ್ಕ್ ಅಲ್ವಾ, ನಾಳೆ ನೋಟಿಸ್ ಬಂದರೆ? ಸೈಟಿನ ಕೆಳಗೆ 'ನಮಗೂ ಕಂಪನಿಗೂ ಸಂಬಂಧವಿಲ್ಲ' ಅಂತ ಹಾಕಿದರೆ ಸಾಕಾಗುತ್ತದಾ? ಡಾಟ್ ಕಾಮ್ ಬದಲು ಡಾಟ್ ನೆಟ್ ತಗೊಂಡರೆ ಸೇಫಾ? ಖರ್ಚು ತೆಗೆಯಲು ಒಂದಷ್ಟು ಅಫಿಲಿಯೇಟ್ ಲಿಂಕ್, ಅಂದರೆ ಯಾರಾದರೂ ಒತ್ತಿ ಕೊಂಡರೆ ನನಗೆ ಕಮಿಷನ್ ಸಿಗುವ ಲಿಂಕ್ ಇರುತ್ತವೆ, ಅದನ್ನೂ ಹೇಳಿಬಿಡುತ್ತೇನೆ. ಗೊತ್ತಿರುವವರು ದಯವಿಟ್ಟು ಹೇಳಿ.

ಡಾಟ್‌ಪ್ರಿಯ:

ತಗೊಳ್ಳಿ ಸ್ವಾಮಿ. ರಿಜಿಸ್ಟ್ರಾರ್ ಮಾರುತ್ತಿದ್ದಾರೆ ಅಂದರೆ ತಗೊಳ್ಳಬಹುದು ಅಂತಲೇ ಅರ್ಥ. ಬ್ರ್ಯಾಂಡ್ ಹೆಸರಿಟ್ಟುಕೊಂಡ ಅಭಿಮಾನಿಗಳ ಸೈಟು ಸಾವಿರಾರು ಇವೆ, ವರ್ಷಗಟ್ಟಲೆ ನಡೆಯುತ್ತಿವೆ. ಅಷ್ಟು ದೊಡ್ಡ ಕಂಪನಿಗೆ ನಿಮ್ಮ ಲೆನ್ಸ್ ಸೈಟಿನ ಮೇಲೆ ಏನು ಸಿಟ್ಟು? ಅವರ ಮಾಲಿಗೆ ಪುಕ್ಕಟೆ ಪ್ರಚಾರ ಕೊಡುತ್ತಿದ್ದೀರಿ. ಹೆಚ್ಚೆಂದರೆ ಒಂದು ಮೇಲ್ ಬರಬಹುದು, ಆಗ ನೋಡಿಕೊಂಡರಾಯಿತು. ಒಳ್ಳೆಯ ಹೆಸರು ಕೈ ತಪ್ಪಿದರೆ ಮತ್ತೆ ಸಿಗಲ್ಲ.

ಹಕ್ಕುಪತ್ರ:

ನಾನು ಟ್ರೇಡ್‌ಮಾರ್ಕ್ ಕೇಸುಗಳ ಕಡತಗಳ ನಡುವೆಯೇ ಕೆಲಸ ಮಾಡುವವಳು. ಡಾಟ್‌ಪ್ರಿಯ ಅವರ ಮೊದಲ ಮಾತನ್ನು ತಿದ್ದಲೇಬೇಕು, ಯಾಕೆಂದರೆ ಜಾಸ್ತಿ ಜನ ಸಿಕ್ಕಿಬೀಳುವುದು ಅಲ್ಲೇ. ರಿಜಿಸ್ಟ್ರಾರ್ ಯಾವ ಟ್ರೇಡ್‌ಮಾರ್ಕ್ ಪರೀಕ್ಷೆಯನ್ನೂ ಮಾಡುವುದಿಲ್ಲ. ಹೆಸರು ಖಾಲಿ ಇದೆಯಾ ಅಂತ ನೋಡುತ್ತಾರೆ, ದುಡ್ಡು ತಗೊಳ್ಳುತ್ತಾರೆ, ಕೊಡುತ್ತಾರೆ. ಅಷ್ಟೇ. ಅದರ ಜೊತೆಗೆ ನಾವು ಓದದೆ 'ಒಪ್ಪಿದೆ' ಅಂತ ಒತ್ತುವ ಕರಾರು ಇದೆಯಲ್ಲ, ಅದರಲ್ಲಿ 'ನನಗೆ ತಿಳಿದ ಮಟ್ಟಿಗೆ ಈ ಹೆಸರಿನಿಂದ ಬೇರೆಯವರ ಹಕ್ಕಿಗೆ ಧಕ್ಕೆಯಾಗುವುದಿಲ್ಲ' ಅಂತ ಮಾತು ಕೊಡುವವರು ನಾವೇ. ತಕರಾರು ಬಂದರೆ ಯುಡಿಆರ್‌ಪಿ ಅನ್ನುವ, ಡೊಮೇನ್ ಜಗಳಗಳನ್ನು ಕೋರ್ಟಿನ ಹೊರಗೆ ತೀರ್ಮಾನಿಸುವ ವ್ಯವಸ್ಥೆಗೆ ತಲೆಬಾಗುತ್ತೇವೆ ಅಂತಲೂ ಅದೇ ಕರಾರಿನಲ್ಲಿ ಒಪ್ಪಿರುತ್ತೇವೆ.

ಈ ಯುಡಿಆರ್‌ಪಿ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ತಂದ ನಿಯಮ. ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್ ಮತ್ತು ಹೊಸ ಬಗೆಯ ಎಕ್ಸ್‌ಟೆನ್ಷನ್‌ಗಳಿಗೆಲ್ಲ ಇದು ಅನ್ವಯಿಸುತ್ತದೆ. ದೇಶದ ಹೆಸರಿನ ಎಕ್ಸ್‌ಟೆನ್ಷನ್‌ಗಳಲ್ಲಿ ಕೆಲವು ಇದನ್ನೇ ಬಳಸುತ್ತವೆ, ಕೆಲವಕ್ಕೆ ತಮ್ಮದೇ ನಿಯಮ ಇದೆ. ಹಾಗಾಗಿ ಡಾಟ್ ನೆಟ್‌ಗೆ ಓಡಿದರೆ ಏನೂ ಲಾಭವಿಲ್ಲ. ಹೆಸರು ಹೋಲಿಸುವಾಗ ಡಾಟ್ ಆದಮೇಲೆ ಬರುವ ಭಾಗವನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಕಂಪನಿ ಗೆಲ್ಲಬೇಕಾದರೆ ಮೂರು ವಿಷಯ ಸಾಬೀತು ಮಾಡಬೇಕು. ಡೊಮೇನ್ ಅವರ ಮಾರ್ಕಿಗೆ ಗೊಂದಲವಾಗುವಷ್ಟು ಹೋಲುತ್ತದೆ. ನಿಮಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಾಗಲಿ ಹಿತಾಸಕ್ತಿಯಾಗಲಿ ಇಲ್ಲ. ನೀವು ಅದನ್ನು ಕೆಟ್ಟ ಉದ್ದೇಶದಿಂದ ರಿಜಿಸ್ಟರ್ ಮಾಡಿ, ಕೆಟ್ಟ ಉದ್ದೇಶದಿಂದಲೇ ಬಳಸುತ್ತಿದ್ದೀರಿ. ಮೂರೂ ಬೇಕು. ಇದರಲ್ಲಿ ಮೊದಲನೆಯದು ಅವರಿಗೆ ಸಲೀಸು. ನಿಮ್ಮ ಡೊಮೇನಿನಲ್ಲಿ ಅವರ ಬ್ರ್ಯಾಂಡ್ ಎದ್ದು ಕಾಣುತ್ತದೆ, 'ಲೆನ್ಸ್‌ಗೈಡ್' ಅಂತ ಸೇರಿಸಿದ ಮಾತ್ರಕ್ಕೆ ಹೋಲಿಕೆ ಹೋಗುವುದಿಲ್ಲ. ನಿಜವಾದ ಜಗಳ ನಡೆಯುವುದು ಎರಡನೆಯದು ಮತ್ತು ಮೂರನೆಯದರಲ್ಲಿ.

ಸೋತರೆ ದಂಡ ಇಲ್ಲ, ಡೊಮೇನ್ ಹೋಗುತ್ತದೆ, ಅಷ್ಟೇ. ರದ್ದಾಗುತ್ತದೆ ಅಥವಾ ಕಂಪನಿಗೆ ವರ್ಗವಾಗುತ್ತದೆ. ಆದರೆ ಅಮೆರಿಕದ ಕೋರ್ಟಿಗೆ ಹೋದರೆ ಕಥೆ ಬೇರೆ. ಅಲ್ಲಿ 1999ರಲ್ಲೇ, ಬೇರೆಯವರ ಹೆಸರಿನ ಡೊಮೇನ್ ಹಿಡಿದಿಟ್ಟುಕೊಳ್ಳುವ ಸೈಬರ್‌ಸ್ಕ್ವಾಟಿಂಗ್ ವಿರುದ್ಧ ಕಾನೂನು ಬಂತು. ಕೆಟ್ಟ ಉದ್ದೇಶ ಸಾಬೀತಾದರೆ ಒಂದೊಂದು ಡೊಮೇನಿಗೆ 1,000 ಡಾಲರ್‌ನಿಂದ 1,00,000 ಡಾಲರ್‌ವರೆಗೆ ಪರಿಹಾರ ಹಾಕಬಹುದು. ನಾನು ಆ ದೇಶದಲ್ಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳುವವರು ಇನ್ನೊಂದು ತಿಳಿದಿರಬೇಕು: ಡಾಟ್ ಕಾಮ್ ಪಟ್ಟಿಯನ್ನು ನಡೆಸುವ ವೆರಿಸೈನ್ ಇರುವುದು ಅಮೆರಿಕದ ವರ್ಜೀನಿಯಾದಲ್ಲಿ, ಮಾಲೀಕ ಕೈಗೆ ಸಿಗದಿದ್ದರೆ ಡೊಮೇನಿನ ಮೇಲೆಯೇ ಅಲ್ಲಿ ಕೇಸ್ ಹಾಕುವ ದಾರಿ ಆ ಕಾನೂನಿನಲ್ಲಿದೆ.

ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಸೈಟು ಮೋಸದ ಸೈಟಲ್ಲ, ಅದು ಗೊತ್ತಾಗುತ್ತದೆ. ಆದರೆ 'ಮೇಲ್ ಬಂದಾಗ ನೋಡಿಕೊಂಡರಾಯಿತು' ಅನ್ನುವುದನ್ನು ನಾನು ಒಪ್ಪಲಾರೆ. ಮೇಲ್ ಬರುವ ಹೊತ್ತಿಗೆ ನೀವು ಏನೇನು ಮಾಡಿರುತ್ತೀರಿ ಅನ್ನುವುದರ ಮೇಲೆಯೇ ತೀರ್ಮಾನ ನಿಂತಿರುತ್ತದೆ.

ಹಳೇಲೆನ್ಸ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದು ಅನುಮಾನ ಉಳಿಯಿತು. ನಾನು ಬರೆಯುವುದು ಆ ಕಂಪನಿಯ ಲೆನ್ಸ್‌ಗಳ ಬಗ್ಗೆಯೇ. ಅದರ ಹೆಸರು ಹೇಳದೆ ಅದರ ಬಗ್ಗೆ ಬರೆಯುವುದು ಹೇಗೆ? ರಿಪೇರಿ ಮಾಡುವವರು, ಬಿಡಿಭಾಗ ಮಾರುವವರು ಎಲ್ಲರೂ ಹೆಸರು ಬಳಸಲೇಬೇಕಲ್ಲ. ಡಿಸ್ಕ್ಲೈಮರ್ ಬಗ್ಗೆಯೂ ಯಾರೂ ಹೇಳಲಿಲ್ಲ.

ಬಿಡಿಭಾಗ:

ಒಳ್ಳೆಯ ಪ್ರಶ್ನೆ. ನಿಮ್ಮ ಕಡೆಗೂ ಒಂದಷ್ಟು ಬಲ ಇದೆ, ಅದನ್ನೂ ಹೇಳಬೇಕು.

2001ರಲ್ಲಿ ಓಕಿ ಡೇಟಾ ಅನ್ನುವ ಪ್ರಿಂಟರ್ ಕಂಪನಿ ಒಬ್ಬ ಡೀಲರ್ ಮೇಲೆ ಇಂಥ ಯುಡಿಆರ್‌ಪಿ ದೂರುಗಳನ್ನು ನಡೆಸುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋದಲ್ಲಿ ದೂರು ಕೊಟ್ಟಿತು. ಡೀಲರ್ ಹತ್ತಿರ ಇದ್ದದ್ದು ಓಕಿಡೇಟಾಪಾರ್ಟ್ಸ್ ಡಾಟ್ ಕಾಮ್. ಕಂಪನಿ ಸೋತಿತು. ಆ ತೀರ್ಪಿನಲ್ಲಿ ಹೇಳಿದ ಷರತ್ತುಗಳನ್ನು ಇವತ್ತಿಗೂ ತೀರ್ಪು ಕೊಡುವ ಪ್ಯಾನೆಲ್‌ಗಳು ಎತ್ತಿ ಹೇಳುತ್ತವೆ. ಸೈಟಿನಲ್ಲಿ ಆ ಮಾಲು ಅಥವಾ ಸೇವೆ ನಿಜವಾಗಿ ಸಿಗಬೇಕು. ಆ ಬ್ರ್ಯಾಂಡಿನ ಮಾಲು ಮಾತ್ರ ಇರಬೇಕು, ಬ್ರ್ಯಾಂಡ್ ಹೆಸರಿನಿಂದ ಜನರನ್ನು ಕರೆದು ಪಕ್ಕದ ಕಂಪನಿಯ ಮಾಲು ತೋರಿಸಬಾರದು. ಕಂಪನಿಗೂ ನಿಮಗೂ ಇರುವ ಸಂಬಂಧ ಏನು ಅಂತ ಸ್ಪಷ್ಟವಾಗಿ ಹೇಳಬೇಕು. ಆ ಹೆಸರಿನ ಡೊಮೇನ್‌ಗಳನ್ನೆಲ್ಲ ಬಾಚಿಕೊಂಡು ಕಂಪನಿಗೇ ಜಾಗವಿಲ್ಲದಂತೆ ಮಾಡಬಾರದು. ಓಕಿ ಕೇಸಿನಲ್ಲಿ ಅವನು ಅಧಿಕೃತ ಡೀಲರ್ ಆಗಿದ್ದ, ಆದರೆ ಆಮೇಲೆ ಅಧಿಕೃತರಲ್ಲದ ಮಾರಾಟಗಾರರಿಗೂ ಇದೇ ಅಳತೆಗೋಲು ಹಾಕಿದ್ದಾರೆ.

ಅಮೆರಿಕದ ಕೋರ್ಟಿನಲ್ಲೂ ಒಂದು ಒಳ್ಳೆಯ ತೀರ್ಪು ಇದೆ, 2010ರದು, ಟೊಯೊಟಾ ಮತ್ತು ತಬಾರಿ. ಟೊಯೊಟಾದ ಲೆಕ್ಸಸ್ ಕಾರು ಕೊಡಿಸುವ ತಬಾರಿ ಅನ್ನುವ ದಲ್ಲಾಳಿಗಳು ಬೈ-ಎ-ಲೆಕ್ಸಸ್ ಡಾಟ್ ಕಾಮ್ ಅಂತ ಇಟ್ಟುಕೊಂಡಿದ್ದರು. ಕೆಳಗಿನ ಕೋರ್ಟ್ ಡೊಮೇನಿನಲ್ಲಿ ಆ ಪದವನ್ನೇ ಬಳಸಬಾರದು ಅಂದಿತ್ತು, ಮೇಲಿನ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಲೆಕ್ಸಸ್ ಕೊಡಿಸುವವನು ಲೆಕ್ಸಸ್ ಅಂತ ಹೇಳದೆ ಇನ್ನೇನು ಹೇಳಬೇಕು, ಇಂಟರ್‌ನೆಟ್ ಬಳಸಿ ರೂಢಿಯಿರುವವರು ಇಂಥ ಹೆಸರು ನೋಡಿದ ತಕ್ಷಣ ಇದು ಕಂಪನಿಯದೇ ಅಂದುಕೊಳ್ಳುವುದಿಲ್ಲ ಅನ್ನುವುದು ಅದರ ಸಾರ. ಅದೇ ತೀರ್ಪಿನಲ್ಲಿ ಇನ್ನೊಂದು ಬದಿಯೂ ಇದೆ. ಬರೀ ಬ್ರ್ಯಾಂಡ್ ಹೆಸರು ಡಾಟ್ ಕಾಮ್, ಅಥವಾ ಬ್ರ್ಯಾಂಡ್ ಜೊತೆಗೆ ದೇಶದ ಹೆಸರು, ಇಂಥವು ಕಂಪನಿಯದ್ದೇ ಅನ್ನುವ ಭಾವನೆ ಹುಟ್ಟಿಸುತ್ತವೆ.

ಇದನ್ನೇ ನಾನು ಮುಖ್ಯ ಅನ್ನುವುದು. ಡೊಮೇನ್ ಓದಿದವನಿಗೆ ಏನನ್ನಿಸುತ್ತದೆ? 'ಅಫಿಶಿಯಲ್', 'ಸಪೋರ್ಟ್', 'ಸರ್ವಿಸ್‌ಸೆಂಟರ್', 'ಲಾಗಿನ್', 'ಸ್ಟೋರ್' ಇಂಥ ಪದ ಅಂಟಿಸಿದರೆ ಕಂಪನಿಯದೇ ಅನ್ನಿಸುತ್ತದೆ. 'ಫ್ಯಾನ್ಸ್', 'ವಿಮರ್ಶೆ', 'ರಿಪೇರಿಕಲಿಯಿರಿ' ಅಂದರೆ ಹಾಗನ್ನಿಸುವುದು ಕಡಿಮೆ. 'ಲೆನ್ಸ್‌ಗೈಡ್' ಎರಡರ ನಡುವೆ ಇದೆ ಅಂತ ನನ್ನ ಅನಿಸಿಕೆ, ಯಾಕೆಂದರೆ ಕಂಪನಿಗಳೇ ಗೈಡ್ ಅಂತ ಪುಸ್ತಿಕೆ ಹಾಕುವುದು ರೂಢಿ.

ಡಿಸ್ಕ್ಲೈಮರ್ ಹಾಕಿ, ಮೇಲ್ಗಡೆ ಕಾಣುವ ಹಾಗೆ ಹಾಕಿ. ಆದರೆ ಅದೊಂದೇ ನಿಮ್ಮನ್ನು ಉಳಿಸುತ್ತದೆ ಅಂತ ನಂಬಬೇಡಿ. ಉದ್ದೇಶ ಒಳ್ಳೆಯದಿದ್ದಾಗ ಅದು ಸಹಾಯ ಮಾಡುತ್ತದೆ, ಉದ್ದೇಶ ಕೆಟ್ಟದ್ದು ಅಂತ ಬೇರೆ ಕಡೆಯಿಂದ ಗೊತ್ತಾದರೆ ಅದಕ್ಕೆ ಬೆಲೆ ಇಲ್ಲ. ಜನ ಅದನ್ನು ಓದುವುದು ಸೈಟಿಗೆ ಬಂದಮೇಲೆ, ಬರುವ ಮೊದಲು ಅವರು ನೋಡಿದ್ದು ಡೊಮೇನ್ ಮಾತ್ರ. ಹಾಂ, ಕಂಪನಿಯ ಲೋಗೋ, ಬಣ್ಣ, ಅವರ ಸೈಟಿನ ಫೋಟೋ ಇವನ್ನಂತೂ ಮುಟ್ಟಲೇಬೇಡಿ.

ಅಫಿಲಿಯೇಟ್ ಲಿಂಕ್ ವಿಷಯದಲ್ಲಿ ಎಚ್ಚರ ಇರಲಿ. ಆ ಬ್ರ್ಯಾಂಡಿನ ಹೆಸರಿನಲ್ಲಿ ಬಂದವರಿಗೆ ಇನ್ನೊಂದು ಬ್ರ್ಯಾಂಡಿನ ಲೆನ್ಸ್ ಲಿಂಕ್ ತೋರಿಸಿ ಕಮಿಷನ್ ತಗೊಂಡರೆ, ಮೇಲೆ ಹೇಳಿದ ಷರತ್ತು ಅಲ್ಲೇ ಮುರಿಯಿತು.

ಡಾಟ್‌ಪ್ರಿಯ:

ಸರಿ, ರಿಜಿಸ್ಟ್ರಾರ್ ವಿಷಯ ಒಪ್ಪಿದೆ. ಆದರೂ ಬಿಡಿಭಾಗ ಅವರು ಹೇಳಿದ್ದನ್ನೇ ನೋಡಿ, ಸಣ್ಣವರು ಗೆದ್ದಿದ್ದಾರೆ. ನಿಸ್ಸಾನ್ ಡಾಟ್ ಕಾಮ್ ಕೂಡ ಕಾರು ಕಂಪನಿಗೆ ಸಿಗಲಿಲ್ಲ ಅಲ್ವಾ?

ಹಕ್ಕುಪತ್ರ:

ಸಿಗಲಿಲ್ಲ, ನಿಜ. ಆದರೆ ಅದು ಹೇಗೆ ಅಂತ ನೋಡಿ. ಉಜಿ ನಿಸ್ಸಾನ್ ಅನ್ನುವವರ ಮನೆತನದ ಹೆಸರೇ ನಿಸ್ಸಾನ್. ಅದೇ ಹೆಸರಿನಲ್ಲಿ ಕಂಪ್ಯೂಟರ್ ವ್ಯಾಪಾರ ಇತ್ತು, 1994ರಲ್ಲೇ ಡೊಮೇನ್ ತಗೊಂಡಿದ್ದರು. 1999ರಲ್ಲಿ ಕಾರು ಕಂಪನಿ ಕೇಸ್ ಹಾಕಿತು. ಅವರು ಹೆಸರು ಉಳಿಸಿಕೊಂಡರು, ಆದರೆ ಅದಕ್ಕೆ ವರ್ಷಗಟ್ಟಲೆ ಕೋರ್ಟ್ ಅಲೆದು, ಬದುಕಿನ ಒಂದು ದೊಡ್ಡ ಪಾಲನ್ನೇ ಕೊಟ್ಟರು. ಹಳೇಲೆನ್ಸ್ ಅವರೇ, ಆ ಲೆನ್ಸ್ ಕಂಪನಿಯ ಹೆಸರು ನಿಮ್ಮ ಹೆಸರೂ ಅಲ್ಲ, ಹಳೆಯ ವ್ಯಾಪಾರದ ಹೆಸರೂ ಅಲ್ಲ. ನಿಮ್ಮ ಪರವಾಗಿ ಇರುವುದು 'ನಾನು ಅದರ ಬಗ್ಗೆ ಬರೆಯುತ್ತೇನೆ' ಅನ್ನುವ ಒಂದೇ ಮಾತು. ಅದು ಗಟ್ಟಿ ಮಾತೇ, ಆದರೆ ಅದನ್ನು ನೀವು ಕೂತು ವಾದಿಸಬೇಕಾಗುತ್ತದೆ.

ವಾದಿಸುವುದಕ್ಕೆ ಸಿಗುವ ಕಾಲ ಎಷ್ಟು ಗೊತ್ತಾ? ಯುಡಿಆರ್‌ಪಿಯಲ್ಲಿ ಉತ್ತರ ಕೊಡಲು 20 ದಿನ. ಅಷ್ಟರಲ್ಲಿ ಡೊಮೇನ್ ಲಾಕ್ ಆಗಿರುತ್ತದೆ, ಬೇರೆಯವರಿಗೆ ಕೊಡಲಾಗುವುದಿಲ್ಲ. ಕಂಪನಿಗೆ ಖರ್ಚು ತೀರಾ ಕಡಿಮೆ. ವೈಪೋದಲ್ಲಿ ಐದು ಡೊಮೇನ್‌ವರೆಗೆ ಒಬ್ಬ ಪ್ಯಾನೆಲಿಸ್ಟ್ ಸಾಕು ಅಂದರೆ ಶುಲ್ಕ 1,500 ಡಾಲರ್, ದೊಡ್ಡ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲ. ನೀವು ಮೂವರ ಪ್ಯಾನೆಲ್ ಬೇಕು ಅಂದರೆ ಶುಲ್ಕದಲ್ಲಿ ಅರ್ಧ ನಿಮ್ಮ ತಲೆಗೆ ಬರುತ್ತದೆ. ಉತ್ತರ ಕೊಡದೆ ಸುಮ್ನೆ ಕೂತರೆ ಪ್ಯಾನೆಲ್ ಕಂಪನಿಯ ಕಾಗದಗಳನ್ನು ಮಾತ್ರ ನೋಡಿ ತೀರ್ಮಾನ ಮಾಡುತ್ತದೆ. ಸೋತರೂ ತಕ್ಷಣ ಡೊಮೇನ್ ಹೋಗುವುದಿಲ್ಲ, ಕೋರ್ಟಿಗೆ ಹೋಗಲು 10 ಕೆಲಸದ ದಿನ ಇರುತ್ತದೆ. ಒಂದು ಲೆನ್ಸ್ ಸೈಟಿಗಾಗಿ ಯಾರು ಕೋರ್ಟಿಗೆ ಹೋಗುತ್ತಾರೆ ಹೇಳಿ.

ಪುಟಕಟ್ಟುವವ:

ಕಾನೂನು ಬಲ್ಲವರು ಹೇಳಿದ್ದಾರೆ, ನಾನು ಸೈಟ್ ಕಟ್ಟುವವನ ಕಡೆಯಿಂದ ಹೇಳುತ್ತೇನೆ. ಡೊಮೇನ್ ಹೋದರೆ ಹೋಗುವುದು ಬರೀ ವಿಳಾಸ ಅಲ್ಲ. ಮೂರು ವರ್ಷ ಬರೆದು ಬೇರೆ ಸೈಟುಗಳಿಂದ ಗಳಿಸಿದ ಲಿಂಕುಗಳು ಎಲ್ಲವೂ ಆ ಹೆಸರಿಗೆ ತೋರಿಸುತ್ತಿರುತ್ತವೆ. ಸರ್ಚಿನಲ್ಲಿ ಬಂದ ಸ್ಥಾನ ಹೋಗುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕೋಣ ಅಂದರೆ ಹಳೆಯದು ನಿಮ್ಮ ಕೈಯಲ್ಲೇ ಇರುವುದಿಲ್ಲ. ಆ ಡೊಮೇನಿನ ಇಮೇಲ್ ಕೊಟ್ಟು ಬೇರೆ ಕಡೆ ಖಾತೆ ತೆರೆದಿದ್ದರೆ ಪಾಸ್‌ವರ್ಡ್ ರಿಸೆಟ್ ಮೇಲ್ ಕೂಡ ಇನ್ನೊಬ್ಬರ ಕಡೆ ಹೋಗುತ್ತದೆ. ಡೊಮೇನ್ ಬೆಲೆ ಪುಡಿಗಾಸು, ಅದರ ಮೇಲೆ ಕಟ್ಟಿದ್ದು ಪುಡಿಗಾಸಲ್ಲ.

ಹುಡುಕುವವರು ಬ್ರ್ಯಾಂಡ್ ಹೆಸರು ಟೈಪ್ ಮಾಡುತ್ತಾರೆ ಅನ್ನುವುದು ಸರಿ. ಅದಕ್ಕೆ ಡೊಮೇನಿನಲ್ಲೇ ಆ ಹೆಸರು ಇರಬೇಕಾಗಿಲ್ಲ. ಡೊಮೇನ್ ನಿಮ್ಮದೇ ಹೆಸರು ಇರಲಿ, ಹಳೆಯ ಗಾಜು, ಮ್ಯಾನ್ಯುವಲ್ ಫೋಕಸ್ ಇಂಥದ್ದೇನಾದರೂ. ಬ್ರ್ಯಾಂಡ್ ಹೆಸರು ಸ್ಲ್ಯಾಶ್ ಆದಮೇಲೆ ಬರಲಿ, ಪುಟದ ತಲೆಬರಹದಲ್ಲಿ ಬರಲಿ, ಲೇಖನದ ಒಳಗೆ ಬರಲಿ. ಒಂದು ಲೆನ್ಸಿನ ಬಗ್ಗೆ ಬರೆದ ಪುಟದಲ್ಲಿ ಆ ಲೆನ್ಸಿನ ಹೆಸರು ಇರುವುದಕ್ಕೆ ತಕರಾರು ತೆಗೆಯುವುದು ಕಷ್ಟ, ಯುಡಿಆರ್‌ಪಿ ಅಂತೂ ಡೊಮೇನ್ ಹೆಸರಿನ ತಕರಾರಿಗೆ ಮಾತ್ರ ಇರುವುದು. ಇನ್ನೊಂದು ಲಾಭ: ನಾಳೆ ಬೇರೆ ಕಂಪನಿಯ ಲೆನ್ಸ್ ಬಗ್ಗೆ ಬರೆಯಬೇಕು ಅನ್ನಿಸಿದರೆ ಕೈ ಕಟ್ಟಿರುವುದಿಲ್ಲ.

ಇನ್ನೊಂದು ಕೆಲಸ ಮೊದಲು ಮಾಡಿ. ಆ ಕಂಪನಿಯ ಟ್ರೇಡ್‌ಮಾರ್ಕ್ ನೀತಿ ಅವರ ಸೈಟಿನಲ್ಲೇ ಇದೆಯಾ ನೋಡಿ. ಎಷ್ಟೋ ಕಡೆ ಡೊಮೇನ್ ಬಗ್ಗೆ ನೇರವಾಗಿಯೇ ಬರೆದಿರುತ್ತಾರೆ. ವರ್ಡ್‌ಪ್ರೆಸ್ ಫೌಂಡೇಷನ್ ನೋಡಿ, ಎಲ್ಲರೂ ಪುಕ್ಕಟೆ ಬಳಸಬಹುದಾದ ಸಾಫ್ಟ್‌ವೇರ್, ಆದರೂ ಆ ಪೂರ್ತಿ ಹೆಸರನ್ನು ನಿಮ್ಮ ಡೊಮೇನಿನಲ್ಲಿ ಹಾಕಬೇಡಿ ಅನ್ನುತ್ತದೆ. ಅದಕ್ಕೇ ಆ ಲೋಕದಲ್ಲಿ 'ಡಬ್ಲ್ಯೂಪಿ' ಅಂತ ಶುರುವಾಗುವ ಸೈಟುಗಳು ಅಷ್ಟೊಂದು ಕಾಣುವುದು.

ಸಂಜೆಗಾಳಿ:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ನನ್ನ ಪ್ರಶ್ನೆಯೂ ಇದಕ್ಕೇ ಸೇರಿದ್ದು. ಹರಾಜಿನಲ್ಲಿ ಒಂದು ಹಳೆಯ ಡೊಮೇನ್ ಇದೆ, 2003ರಲ್ಲಿ ಮೊದಲು ರಿಜಿಸ್ಟರ್ ಆದದ್ದು. ಅದರಲ್ಲಿರುವ ಪದ ಈಗ ಒಂದು ಹೆಸರಾಂತ ಆಪ್‌ನ ಹೆಸರೂ ಹೌದು. ಆಪ್ ಹುಟ್ಟುವ ಮೊದಲೇ ಡೊಮೇನ್ ಇತ್ತಲ್ಲ, ಹಾಗಾದರೆ ಕೊಂಡರೆ ತೊಂದರೆ ಇಲ್ಲ ತಾನೇ? ಆಮೇಲೆ ಆ ಕಂಪನಿಗೇ ಒಳ್ಳೆಯ ಬೆಲೆಗೆ ಕೊಡಬಹುದು ಅಂತ ಒಬ್ಬರು ಹೇಳಿದರು. ಹೆಸರು ಗುಟ್ಟಾಗಿಡುವ ಪ್ರೈವಸಿ ಸೇವೆಯೂ ಸಿಗುತ್ತದೆ.

ಹಕ್ಕುಪತ್ರ:

ಸಂಜೆಗಾಳಿ, ದಯವಿಟ್ಟು ನಿಲ್ಲಿಸಿ. ಕೊಳ್ಳುವ ಮೊದಲು ಕೇಳಿದ್ದು ಒಳ್ಳೆಯದಾಯಿತು.

ಆಪ್ ಹುಟ್ಟುವ ಮೊದಲೇ ತಗೊಂಡಿದ್ದ ಹಳೆಯ ಮಾಲೀಕನಿಗೆ ರಕ್ಷಣೆ ಇತ್ತು. ಇಲ್ಲದ ಮಾರ್ಕನ್ನು ಗುರಿಯಾಗಿಸಿ ಯಾರೂ ಹೆಸರು ತಗೊಳ್ಳಲಾರರು. ಆದರೆ ಆ ರಕ್ಷಣೆ ಡೊಮೇನ್ ಜೊತೆಗೆ ನಿಮಗೆ ಬರುವುದಿಲ್ಲ. ಬೇರೆಯವರಿಗೆ ವರ್ಗವಾದ ದಿನವನ್ನೇ ಪ್ಯಾನೆಲ್‌ಗಳು ಹೊಸ ಮಾಲೀಕ ರಿಜಿಸ್ಟರ್ ಮಾಡಿದ ದಿನ ಅಂತ ನೋಡುತ್ತವೆ. ಅಂದರೆ ನೀವು ಕೊಂಡ ದಿನ ಆ ಆಪ್ ಹೆಸರು ನಿಮಗೆ ಗೊತ್ತಿತ್ತಾ, ಯಾಕೆ ಕೊಂಡಿರಿ ಅನ್ನುವುದೇ ಪ್ರಶ್ನೆ. 2003 ಅನ್ನುವ ಇಸವಿ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಆ ಪದ ಸಾಮಾನ್ಯ ಪದವಾಗಿದ್ದು, ಅದರ ನಿಘಂಟಿನ ಅರ್ಥಕ್ಕೇ ನೀವು ಸೈಟ್ ಮಾಡಿದರೆ ಮಾತು ಬೇರೆ, ಅದಕ್ಕೆ ನಿಜವಾಗಿ ಜಾಗ ಇದೆ. ಆದರೆ ನೀವು ಬರೆದದ್ದು ಆ ಕಂಪನಿಗೇ ಮಾರುವ ಯೋಚನೆ.

ಅದು ನೇರವಾಗಿ ಯುಡಿಆರ್‌ಪಿಯಲ್ಲೇ ಬರೆದಿರುವ ಕೆಟ್ಟ ಉದ್ದೇಶದ ಮೊದಲ ಉದಾಹರಣೆ: ಮಾರ್ಕಿನ ಮಾಲೀಕನಿಗೆ, ಅಥವಾ ಅವನ ಎದುರಾಳಿಗೆ, ನಿಮ್ಮ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರಲೆಂದೇ ತಗೊಳ್ಳುವುದು. ಯುಡಿಆರ್‌ಪಿಯ ಮೊಟ್ಟಮೊದಲ ತೀರ್ಪೇ ಇದರದ್ದು, 2000ದ ಜನವರಿಯಲ್ಲಿ. ವರ್ಲ್ಡ್‌ರೆಸ್ಲಿಂಗ್‌ಫೆಡರೇಷನ್ ಡಾಟ್ ಕಾಮ್ ತಗೊಂಡವರು ಮೂರೇ ದಿನದಲ್ಲಿ ಕುಸ್ತಿ ಸಂಸ್ಥೆಗೆ 1,000 ಡಾಲರ್‌ಗೆ ಕೊಡುತ್ತೇನೆ ಅಂದರು. ಸೈಟ್ ಅಂತ ಏನೂ ಕಟ್ಟಿರಲಿಲ್ಲ. ಮಾರಲು ಹೊರಟದ್ದನ್ನೇ ಬಳಕೆ ಅಂತ ತಗೊಂಡು ಡೊಮೇನ್ ವರ್ಗ ಮಾಡಿದರು. ಏನೂ ಹಾಕದೆ ಖಾಲಿ ಬಿಟ್ಟರೂ ಪಾರಾಗುವುದಿಲ್ಲ. ಅದೇ ವರ್ಷ ಆಸ್ಟ್ರೇಲಿಯಾದ ಟೆಲಿಕಾಂ ಕಂಪನಿಯೊಂದರ ಹೆಸರಿನ ಟೆಲ್‌ಸ್ಟ್ರಾ ಡಾಟ್ ಆರ್ಗ್ ಕೇಸಿನಲ್ಲಿ, ಅಷ್ಟು ಹೆಸರಾಂತ ಮಾರ್ಕನ್ನು ಹಿಡಿದುಕೊಂಡು ಸುಮ್ನೆ ಕೂತದ್ದೂ ಕೆಟ್ಟ ಉದ್ದೇಶದ ಬಳಕೆ ಆಗಬಹುದು ಅಂದರು.

ಪ್ರೈವಸಿ ಸೇವೆ ದಾರಿಹೋಕರಿಂದ ಮಾತ್ರ ಮುಚ್ಚಿಡುತ್ತದೆ. ದೂರು ದಾಖಲಾದರೆ ನಿಜವಾದ ಹೆಸರನ್ನು ರಿಜಿಸ್ಟ್ರಾರ್ ಕೊಡುತ್ತಾರೆ.

ಹಳೇಲೆನ್ಸ್:

ಓದಿ ತಲೆ ತಿಳಿಯಾಯಿತು. ಪುಟಕಟ್ಟುವವ ಅವರು ಹೇಳಿದ ಹಾಗೆ ಬ್ರ್ಯಾಂಡ್ ಇಲ್ಲದ ಹೆಸರನ್ನೇ ಹುಡುಕುತ್ತಿದ್ದೇನೆ. ಕೊನೆಯದಾಗಿ ಒಂದು ಕೇಳುತ್ತೇನೆ. ನನ್ನ ಸ್ನೇಹಿತರೊಬ್ಬರು ಇಂಥದ್ದೇ ಒಂದು ಬ್ರ್ಯಾಂಡ್ ಹೆಸರಿನ ಡೊಮೇನ್ ಇಟ್ಟುಕೊಂಡು ರಿಪೇರಿ ಪಾಠಗಳನ್ನು ಹಾಕುತ್ತಿದ್ದಾರೆ. ಅವರಿಗೆ ಪತ್ರ ಬಂದರೆ ಏನು ಮಾಡಬೇಕು? ಇನ್ನೊಂದು ಬ್ರ್ಯಾಂಡ್ ಡೊಮೇನ್ ಕೂಡ ಅವರ ಹತ್ತಿರ ಬಳಸದೆ ಬಿದ್ದಿದೆ.

ಹಕ್ಕುಪತ್ರ:

ಪತ್ರ ಬಂದರೆ ಮೊದಲು ಅದು ನಿಜವಾದದ್ದಾ ನೋಡಲಿ, ಕಂಪನಿಯ ಹೆಸರಿನಲ್ಲಿ ಮೋಸದ ಮೇಲ್‌ಗಳೂ ಬರುತ್ತವೆ. ನಿಜವಾದರೆ ಬದಿಗೆ ಎಸೆಯುವುದೂ ಬೇಡ, ಸಿಟ್ಟಿನಲ್ಲಿ ಉತ್ತರ ಬರೆಯುವುದೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ ಬೆಲೆ ಹೇಳಬಾರದು. 2004ರಲ್ಲಿ ಸುದ್ದಿಯಾದ ಮೈಕ್ ರೋ ಅನ್ನುವ ಕೆನಡಾದ ವಿದ್ಯಾರ್ಥಿಯ ಕಥೆ ಇದೇ. ತನ್ನ ಹೆಸರಿಗೆ 'ಸಾಫ್ಟ್' ಸೇರಿಸಿ ಮೈಕ್‌ರೋಸಾಫ್ಟ್ ಡಾಟ್ ಕಾಮ್ ತಗೊಂಡಿದ್ದ. ಮೈಕ್ರೋಸಾಫ್ಟ್ ಕಡೆಯವರು 10 ಡಾಲರ್ ಕೊಡುತ್ತೇವೆ ಅಂದರು, ಅವನು 10,000 ಕೇಳಿದ. ಆ ಕೇಳಿದ್ದನ್ನೇ ಅವನ ವಿರುದ್ಧ ಎತ್ತಿ ತೋರಿಸಿದರು. ಜನ ಅವನ ಪರ ನಿಂತದ್ದರಿಂದ ಕೊನೆಗೆ ರಾಜಿಯಲ್ಲಿ ಮುಗಿಯಿತು, ಡೊಮೇನ್ ಕೊಟ್ಟ. ಎಲ್ಲರ ಪರವಾಗಿ ಜನ ಹಾಗೆ ನಿಲ್ಲುವುದಿಲ್ಲ.

ನಿಮ್ಮ ಸ್ನೇಹಿತರು ಒಂದು ವಾರ ಸಮಯ ಕೇಳಿ, ಟ್ರೇಡ್‌ಮಾರ್ಕ್ ಬಲ್ಲ ವಕೀಲರಿಗೆ ತೋರಿಸಲಿ. ಬಿಟ್ಟುಕೊಡಲು ಮನಸ್ಸಿದ್ದರೆ ಹೊಸ ಹೆಸರಿಗೆ ಹೋಗಲು ಕೆಲವು ತಿಂಗಳು ರೀಡೈರೆಕ್ಟ್ ಇರಲಿ ಅಂತ ಕೇಳಬಹುದು. ಮರ್ಯಾದೆಯಿಂದ ಕೇಳಿದರೆ ಒಪ್ಪುವ ಕಂಪನಿಗಳಿವೆ. ಹೊಸ ಹೆಸರನ್ನು ಇವತ್ತೇ ತಗೊಂಡು ರೀಡೈರೆಕ್ಟ್ ಶುರು ಮಾಡಿದರೆ ಇನ್ನೂ ಒಳ್ಳೆಯದು, ಲಾಕ್ ಬೀಳುವ ತನಕ ಕಾಯಬೇಕಾಗಿಲ್ಲ.

ಆ ಬಳಸದೆ ಬಿದ್ದಿರುವ ಡೊಮೇನ್ ನನಗೆ ಜಾಸ್ತಿ ಚಿಂತೆ ತರುತ್ತಿದೆ. ಅದನ್ನು ಈಗಲೇ ಬ್ರೌಸರಿನಲ್ಲಿ ತೆರೆದು ನೋಡಲು ಹೇಳಿ. ಸೈಟ್ ಇಲ್ಲದ ಡೊಮೇನಿಗೆ ಕೆಲವು ರಿಜಿಸ್ಟ್ರಾರ್‌ಗಳು ತಾವೇ ಜಾಹೀರಾತಿನ ಪುಟ ಹಾಕಿಬಿಡುತ್ತಾರೆ. ಬ್ರ್ಯಾಂಡ್ ಹೆಸರಿನ ಕೆಳಗೆ ಎದುರಾಳಿ ಕಂಪನಿಗಳ ಲಿಂಕ್ ಸಾಲಾಗಿ ಬರುತ್ತವೆ. ಆ ದುಡ್ಡು ಅವರಿಗೆ ಒಂದು ಪೈಸೆ ಬರದಿದ್ದರೂ, ಪುಟ ಹಾಕಿದ್ದು ನಾನಲ್ಲ ಅಂದರೂ ಸಾಮಾನ್ಯವಾಗಿ ಪ್ಯಾನೆಲ್ ಕೇಳುವುದಿಲ್ಲ, ಹೊಣೆ ಮಾಲೀಕನದೇ. ಸೆಟ್ಟಿಂಗ್ಸಿನಲ್ಲಿ ಪಾರ್ಕಿಂಗ್ ಪುಟ ಅನ್ನುವ ಆ ಜಾಹೀರಾತಿನ ಪುಟವನ್ನು ನಿಲ್ಲಿಸಲಿ, ಆಟೋ ರಿನ್ಯೂವಲ್ ತೆಗೆಯಲಿ, ಅವಧಿ ಮುಗಿದಾಗ ಹೋಗಲಿ ಬಿಡಿ. ಮಾರುವ ಪಟ್ಟಿಯಲ್ಲಿ ಹಾಕಿದ್ದರೆ ಅದನ್ನೂ ಇವತ್ತೇ ತೆಗೆಯಲಿ.